ಬಾಣವೋ ದಪ್ಪಕ್ಷರವೋ

ಸದಿಶವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕೋ, ಅಕ್ಷರದ ತಲೆಯ ಮೇಲೆ ಬಾಣ ಇಡಬೇಕೋ ಎಂಬುದನ್ನು ಭೌತಶಾಸ್ತ್ರ ಬರೆಯುವವರು, ಕಲಿಸುವವರು ಎಲ್ಲರೂ ಒಂದಲ್ಲ ಒಂದು ದಿನ ತೀರ್ಮಾನಿಸಬೇಕಾಗುತ್ತದೆ. ಹೆಚ್ಚಿನವರು ತಾವು ಓದಿದ ಪುಸ್ತಕದಲ್ಲಿ ಹೇಗಿತ್ತೋ ಹಾಗೆಯೇ ಮುಂದುವರಿಯುತ್ತಾರೆ. ನಾನೂ ಹಾಗೆಯೇ ಮುಂದುವರಿಯುತ್ತಿದ್ದೆನೋ ಏನೋ. ಎಂಬತ್ತರ ದಶಕದಲ್ಲಿ, ನಾನು ಪಾಠ ಹೇಳುತ್ತಿದ್ದ ಊರಿನ ಮುದ್ರಣಾಲಯವೊಂದು ನನ್ನನ್ನು ಆ ಪ್ರಶ್ನೆಯ ಮುಂದೆ ತಂದು ನಿಲ್ಲಿಸಿತು.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಿದ್ದ ಮಕ್ಕಳಿಗೆ ಮೊದಲ ಕೆಲವು ತಿಂಗಳು ಬಹಳ ಕಷ್ಟದವು. ಇಂಗ್ಲಿಷೂ ಸದಿಶವೂ ಒಟ್ಟಿಗೇ ಮೇಲೆ ಬೀಳುತ್ತಿದ್ದವು. ಅವರಿಗಾಗಿ ಚಲನೆ, ಬಲ, ಕೆಲಸ ಇಷ್ಟನ್ನು ಕನ್ನಡದಲ್ಲಿ ವಿವರಿಸುವ ಸಣ್ಣ ಕೈಪಿಡಿಯೊಂದನ್ನು ತರೋಣ ಎಂದು ನಮ್ಮ ವಿಭಾಗದವರು ನಿರ್ಧರಿಸಿದೆವು. ಹಸ್ತಪ್ರತಿ ಹಿಡಿದು ಮುದ್ರಣಾಲಯಕ್ಕೆ ಹೋದವನು ನಾನು. ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಸೊಸೈಟಿಯ ರಸೀದಿ ಪುಸ್ತಕ ಅಚ್ಚಾಗುತ್ತಿದ್ದ ಜಾಗ ಅದು. ಮೊಳೆ ಜೋಡಿಸುತ್ತಿದ್ದ ಹಿರಿಯರು ನಮ್ಮ ಹಾಳೆಗಳನ್ನು ನಿಧಾನವಾಗಿ ತಿರುವಿ ನೋಡಿದರು.

"ಮೇಷ್ಟ್ರೇ, ಈ ಬಾಣ ನಮ್ಮ ಕೇಸಿನಲ್ಲಿಲ್ಲ. ಬೇಕೇ ಬೇಕು ಅಂದ್ರೆ ಒಂದೊಂದಕ್ಕೂ ಬ್ಲಾಕ್ ಮಾಡಿಸ್ಬೇಕು. ಖರ್ಚು ತಡ್ಕೊಳ್ಳೋಕಾಗಲ್ಲ. ಬೋಲ್ಡ್ ಆದ್ರೆ ಹಾಕಿಕೊಡ್ತೀನಿ" ಎಂದರು.

"ಯಾವುದು ಬೋಲ್ಡ್ ಆಗಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ಅಕ್ಷರದ ಕೆಳಗೆ ಅಲೆಅಲೆಯಾಗಿ ಗೆರೆ ಎಳೀರಿ, ಅಷ್ಟೇ. ನೆಟ್ಟಗೆ ಎಳೆದ್ರೆ ಇಟಾಲಿಕ್ ಆಗುತ್ತೆ."

ಕರಡು ತಿದ್ದುವವರ ಈ ಗುರುತು ಬಹಳ ಹಳೆಯದು, ಜಗತ್ತಿನ ಅಚ್ಚುಮನೆಗಳಲ್ಲೆಲ್ಲ ನಡೆದುಬಂದದ್ದು. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಇವತ್ತಿಗೂ ಮಕ್ಕಳು ಸದಿಶ ಬರೆಯುವಾಗ ಅಕ್ಷರದ ಕೆಳಗೆ ಸಣ್ಣದೊಂದು ಅಲೆ ಎಳೆಯುತ್ತಾರೆ, ಬ್ರಿಟನ್ನಿನಲ್ಲಿ ಬರಿಯ ಅಡಿಗೆರೆ ಎಳೆಯುತ್ತಾರೆ ಎಂದು ನನಗೆ ಮುಂದೆ ತಿಳಿಯಿತು. ಮೊಳೆ ಜೋಡಿಸುವವರಿಗೆ ಲೇಖಕ ಕೊಡುತ್ತಿದ್ದ ಸೂಚನೆ ಹಾಗೆಯೇ ವಿದ್ಯಾರ್ಥಿಯ ನೋಟ್‌ಬುಕ್ಕಿಗೆ ಇಳಿದುಬಿಟ್ಟಿದೆ. ದಪ್ಪಕ್ಷರದ ಹುಟ್ಟೂರು ಮುದ್ರಣಾಲಯ ಎಂಬುದು ಆ ಹಿರಿಯರ ಮಾತಿನಿಂದಲೇ ನನಗೆ ಹೊಳೆದದ್ದು. ಅದರ ಇತಿಹಾಸವನ್ನು ಹುಡುಕುತ್ತಾ ಹೋದೆ.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ವಿದ್ಯುತ್ತು ಮತ್ತು ಕಾಂತತ್ವ ಕುರಿತ ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದ್ದು 1873ರಲ್ಲಿ. ಅಲ್ಲಿ ಸದಿಶಗಳಿಗೆ ಜರ್ಮನ್ ಗಾಥಿಕ್ ದೊಡ್ಡಕ್ಷರಗಳನ್ನು ಬಳಸಿದರು, ಅದನ್ನೂ ಹೆಚ್ಚುಕಡಿಮೆ ಅಕಾರಾದಿಯಾಗಿಯೇ. ಎ ಅಕ್ಷರ ಇಂದು ನಾವು ಸದಿಶ ವಿಭವ ಎನ್ನುವುದಕ್ಕೆ, ಬಿ ಕಾಂತ ಪ್ರೇರಣೆಗೆ, ಸಿ ಒಟ್ಟು ವಿದ್ಯುತ್ ಪ್ರವಾಹಕ್ಕೆ, ಡಿ ವಿದ್ಯುತ್ ಪಲ್ಲಟಕ್ಕೆ, ಇ ವಿದ್ಯುತ್ ಕ್ಷೇತ್ರಕ್ಕೆ, ಎಫ್ ಬಲಕ್ಕೆ, ಎಚ್ ಕಾಂತ ಬಲಕ್ಕೆ. "ಸರ್, ಮ್ಯಾಗ್ನೆಟಿಕ್ ಫೀಲ್ಡ್ ಅಂದ್ರೆ ಎಂ ಇರಬೇಕಿತ್ತು, ಬಿ ಯಾಕೆ?" ಎಂದು ದ್ವಿತೀಯ ಪಿಯುಸಿಯಲ್ಲಿ ಪ್ರತಿ ತಂಡದಲ್ಲೂ ಯಾರಾದರೊಬ್ಬರು ಕೇಳುತ್ತಿದ್ದರು. ಮ್ಯಾಕ್ಸ್‌ವೆಲ್ ಬರೆದ ಪಟ್ಟಿಯಲ್ಲಿ ಅದು ಎರಡನೆಯದು, ಅದಕ್ಕೇ ಬಿ ಎಂದಾಗ ಇಡೀ ತರಗತಿಯ ಮುಖ ಅರಳುತ್ತಿತ್ತು. ಅವರು ಅರ್ಥವಿಲ್ಲದ್ದು ಎಂದುಕೊಂಡು ಬಾಯಿಪಾಠ ಮಾಡುತ್ತಿದ್ದ ಒಂದು ಅಕ್ಷರಕ್ಕೆ ಹುಟ್ಟಿದ ದಿನ ಸಿಕ್ಕಿತ್ತು.

ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಇವತ್ತು ನಾವು ಬರೆಯುವ ನಾಲ್ಕು ಸಾಲಿನ ರೂಪಕ್ಕೆ ತಂದವರಲ್ಲಿ ಮುಖ್ಯರು ಆಲಿವರ್ ಹೆವಿಸೈಡ್. ಕಾಲೇಜು ಮೆಟ್ಟಿಲು ಹತ್ತದೆ, ಟೆಲಿಗ್ರಾಫ್ ಕೆಲಸ ಮಾಡಿ, ಅದನ್ನೂ ಬಿಟ್ಟು ಮನೆಯಲ್ಲಿ ಕೂತು ತಾವೇ ಕಲಿತವರು. ಗಾಥಿಕ್ ಅಕ್ಷರಗಳನ್ನು ಓದುವುದು ಕಷ್ಟ ಎಂಬುದು ಅವರ ದೂರು. 1880ರ ದಶಕದಲ್ಲಿ ವಿದ್ಯುತ್ ಉದ್ಯಮದ ವಾರಪತ್ರಿಕೆಗೆ ಬರೆಯುತ್ತಿದ್ದಾಗ ಅವರು ಕ್ಲ್ಯಾರೆಂಡನ್ ಎಂಬ ದಪ್ಪ ಮೊಳೆಯನ್ನು ಆರಿಸಿಕೊಂಡರು. ಮುದ್ರಣಾಲಯದಲ್ಲಿ ಸುಲಭವಾಗಿ ಸಿಗುತ್ತಿತ್ತು, ಪುಟದಲ್ಲಿ ಎದ್ದು ಕಾಣುತ್ತಿತ್ತು, ಅಕ್ಷರದ ಗುರುತೂ ಕೆಡುತ್ತಿರಲಿಲ್ಲ. ಅದೇ ಕಾಲಕ್ಕೆ ಅಮೆರಿಕದ ಯೇಲ್‌ನಲ್ಲಿ ವಿಲ್ಲರ್ಡ್ ಗಿಬ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ 1881ರಲ್ಲಿ ಮತ್ತು 1884ರಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿದ ಕಿರುಹೊತ್ತಗೆಯಲ್ಲಿ ಸದಿಶಗಳಿಗೆ ಗ್ರೀಕ್ ಅಕ್ಷರಗಳಿದ್ದವು. ಗಿಬ್ಸ್ ಅವರ ಪಾಠಗಳನ್ನು ಆಧರಿಸಿ ಶಿಷ್ಯ ಎಡ್ವಿನ್ ವಿಲ್ಸನ್ 1901ರಲ್ಲಿ ಪುಸ್ತಕ ತಂದಾಗ ಗ್ರೀಕ್ ಹೋಗಿ ದಪ್ಪಕ್ಷರ ಬಂತು. ಆ ಪುಸ್ತಕವನ್ನು ಓದಿ ಬೆಳೆದವರು ಮುಂದಿನ ಪುಸ್ತಕಗಳನ್ನು ಬರೆದರು. ಹೀಗೆ ದಪ್ಪಕ್ಷರ ನಿಂತಿತು.

ಇವರೆಲ್ಲ ಬರೆದದ್ದು ಅಚ್ಚಿಗೆ. ತರಗತಿಯ ಮಾತೇ ಬೇರೆ. ಸೀಮೆಸುಣ್ಣದಲ್ಲಿ ದಪ್ಪಕ್ಷರ ಬರೆಯಲು ಒಂದೇ ಗೆರೆಯನ್ನು ಎರಡು ಸಲ ಎಳೆಯಬೇಕು. ಗಣಿತದವರು ಸಂಖ್ಯಾಗಣಗಳಿಗೆ ಬಳಸುವ ಜೋಡಿಗೆರೆಯ ಅಕ್ಷರಗಳು ಹುಟ್ಟಿದ್ದೇ ಹೀಗೆ, ಕಪ್ಪುಹಲಗೆಯ ಮೇಲೆ ದಪ್ಪ ತೋರಿಸುವ ಪ್ರಯತ್ನದಿಂದ. ಬಾಲ್‌ಪೆನ್ನು ಹಿಡಿದ ಹುಡುಗ ನೋಟ್ಸ್ ಬರೆದುಕೊಳ್ಳುವ ಭರದಲ್ಲಿ ಇದನ್ನು ಮಾಡಲಾರ. ರಿಚರ್ಡ್ ಫೈನ್‌ಮನ್ ಉಪನ್ಯಾಸಗಳ ಪ್ರಸಿದ್ಧ ಸಂಪುಟಗಳಲ್ಲಿ ಕೂಡ ಅಚ್ಚಿನಲ್ಲಿ ದಪ್ಪಕ್ಷರ, ಕೈಬರಹದಲ್ಲಿ ಬಾಣ ಎಂಬ ಒಪ್ಪಂದವೇ ಇದೆ. ಅಂತರರಾಷ್ಟ್ರೀಯ ಮಾನಕವೂ ಎರಡಕ್ಕೂ ಅವಕಾಶ ಕೊಟ್ಟಿದೆ.

ನಮ್ಮ ಕೈಪಿಡಿಯ ವಿಷಯದಲ್ಲಿ ನಾವು ಬಾಣದ ಪಕ್ಷ ವಹಿಸಿದೆವು. ಮೊಳೆಯ ಮುದ್ರಣವನ್ನು ಬಿಟ್ಟು ಸೈಕ್ಲೋಸ್ಟೈಲಿಗೆ ಹೋದೆವು. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಸಹೋದ್ಯೋಗಿಯೊಬ್ಬರು ಇಡೀ ಪಠ್ಯವನ್ನು ಸ್ಟೆನ್ಸಿಲ್ ಮೇಲೆ ಉಕ್ಕಿನ ಕಡ್ಡಿಯಿಂದ ಬರೆದರು. ಚಿತ್ರ, ಸಮೀಕರಣ, ಬಾಣ ಎಲ್ಲವೂ ಅದೇ ಕೈಯಿಂದ ಬಂದವು. ಶಾಯಿ ಕೆಲವು ಪುಟಗಳಲ್ಲಿ ಹರಡಿದ್ದರೂ ಬಾಣಗಳು ಕಾಣುತ್ತಿದ್ದವು. ಪುಸ್ತಕದಲ್ಲಿ ಕಂಡದ್ದೂ ಹಲಗೆಯ ಮೇಲೆ ಕಂಡದ್ದೂ ತಾನು ಬರೆದದ್ದೂ ಒಂದೇ ಥರ ಇರುವುದರಿಂದ ವಿದ್ಯಾರ್ಥಿಗೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ಆ ವರ್ಷ ಕಣ್ಣಾರೆ ಕಂಡೆ.

ಕೆಲವು ವರ್ಷಗಳಲ್ಲಿ ಜೆರಾಕ್ಸ್ ಅಂಗಡಿಗಳು ಬಂದವು. ದಪ್ಪಕ್ಷರಕ್ಕೆ ಇದು ದೊಡ್ಡ ಪೆಟ್ಟು. ದುಬಾರಿ ಪುಸ್ತಕವನ್ನು ಒಬ್ಬರು ಕೊಂಡು ಹತ್ತು ಜನ ಜೆರಾಕ್ಸ್ ಮಾಡಿಸಿಕೊಳ್ಳುವುದು ನಮ್ಮ ಕಾಲೇಜುಗಳಲ್ಲಿ ಇದ್ದದ್ದೇ. ಜೆರಾಕ್ಸಿನ ಜೆರಾಕ್ಸ್ ತೆಗೆದಾಗ ಪುಟದ ಅಕ್ಷರಗಳೆಲ್ಲ ಒಂದೇ ದಪ್ಪಕ್ಕೆ ಬರುತ್ತವೆ. ಮೂಲದಲ್ಲಿ ದಪ್ಪ ಎಫ್ ಮತ್ತು ತೆಳು ಎಫ್ ಅಕ್ಕಪಕ್ಕ ಇದ್ದ ಸಾಲು ಪ್ರತಿಯಲ್ಲಿ ಅರ್ಥಹೀನವಾಗುತ್ತಿತ್ತು. "ಸರ್, ಎಫ್ ಬೈ ಎಫ್ ಒಂದು ಆಗಬೇಕಲ್ಲ?" ಎಂದು ಒಬ್ಬಳು ಕೇಳಿದಾಗ ಅವಳ ಪ್ರತಿಯನ್ನು ನೋಡಿದೆ. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಬಾಣ ಎಷ್ಟು ಕೆಟ್ಟ ಪ್ರತಿಯಲ್ಲೂ ಉಳಿಯುತ್ತದೆ.

ನಮ್ಮ ರಾಜ್ಯದ ಪಿಯುಸಿಗೆ ಎನ್‌ಸಿಇಆರ್‌ಟಿ ವಿಜ್ಞಾನ ಪಠ್ಯ ಬಂದದ್ದು 2012ರಲ್ಲಿ. ಅದರ ಭೌತಶಾಸ್ತ್ರದಲ್ಲಿ ದಪ್ಪಕ್ಷರವಿದೆ. ಕೈಯಲ್ಲಿ ಬರೆಯುವಾಗ ಬಾಣ ಹಾಕುವುದು ರೂಢಿ ಎಂದು ಪಠ್ಯವೇ ಹೇಳುತ್ತದೆ. ಗಣಿತ ಪಠ್ಯದ ಸದಿಶ ಅಧ್ಯಾಯದಲ್ಲಿ ಅಚ್ಚಿನಲ್ಲೂ ಬಾಣವೇ ಇದೆ. ಬೆಳಿಗ್ಗೆ ಗಣಿತದ ತರಗತಿಯಲ್ಲಿ ಬಾಣ ಕಂಡ ಹುಡುಗ ಮಧ್ಯಾಹ್ನ ಭೌತಶಾಸ್ತ್ರದ ತರಗತಿಯಲ್ಲಿ ದಪ್ಪಕ್ಷರದ ಪುಟ ತೆರೆಯುತ್ತಾನೆ. ಎರಡೂ ಒಂದೇ ಎಂದು ಒಮ್ಮೆ ಹೇಳಿದರೆ ಸಾಲದು, ಹಲವು ವಾರ ಹೇಳುತ್ತಲೇ ಇರಬೇಕು.

ಇಷ್ಟು ಹೊರಗಿನ ಮಾತಾಯಿತು. ಸಂಕೇತದ ನಿಜವಾದ ತೊಡಕು ಇರುವುದು ಇನ್ನೂ ಒಳಗೆ, ಗುರುತೇ ಇಲ್ಲದ ಬರಿಯ ಅಕ್ಷರದಲ್ಲಿ. ಸರಳರೇಖೆಯ ಚಲನೆ ಕಲಿಸುವಾಗ ವಿ ಎಂಬ ಅಕ್ಷರ ಬರೆಯುತ್ತೇವೆ. ಕಲ್ಲನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ, ಗುರುತ್ವದ ವೇಗೋತ್ಕರ್ಷವನ್ನು 10 ಎಂದೇ ಹಿಡಿದರೆ, 2 ಸೆಕೆಂಡಿನ ನಂತರ ವಿ ಬೆಲೆ ಮೈನಸ್ 10. ಇಲ್ಲಿ ವಿ ಋಣ ಸಂಖ್ಯೆಯಾಗಬಲ್ಲದು, ಏಕೆಂದರೆ ಅದು ವೇಗದ ಒಂದು ಘಟಕ. ಮುಂದಿನ ಅಧ್ಯಾಯ ಸಮತಲದ ಚಲನೆ. ಅಲ್ಲಿ ಸದಿಶ ಬರುತ್ತದೆ, ಅದೇ ವಿ ಅಕ್ಷರ ಈಗ ಸದಿಶದ ಪರಿಮಾಣವನ್ನು ಸೂಚಿಸುತ್ತದೆ, ಅಂದರೆ ಜವವನ್ನು. ಅದು ಎಂದೂ ಋಣವಾಗದು. ಒಂದೇ ಅಕ್ಷರ, ಎರಡು ಅಧ್ಯಾಯ, ಎರಡು ಅರ್ಥ. ನಡುವೆ ಎಚ್ಚರಿಕೆಯ ಒಂದು ಸಾಲೂ ಇಲ್ಲದ ಪುಸ್ತಕಗಳನ್ನು ಬೇಕಾದಷ್ಟು ನೋಡಿದ್ದೇನೆ.

ವಿದ್ಯಾರ್ಥಿಗಳು ಚಿಹ್ನೆಯಲ್ಲಿ ಎಡವುವುದಕ್ಕೆ ಗಮನವಿಲ್ಲದಿರುವುದೇ ಕಾರಣ ಎನ್ನುವ ಅಧ್ಯಾಪಕರ ಮಾತನ್ನು ನಾನು ಒಪ್ಪುವುದಿಲ್ಲ. ಬಹುಪಾಲು ಮಕ್ಕಳು ಗಮನವಿಟ್ಟೇ ಓದಿರುತ್ತಾರೆ. ಅವರ ಗಮನಕ್ಕೆ ಸಿಗುವಂತೆ ನಾವು ಬರೆದಿರುವುದಿಲ್ಲ. ಅದಕ್ಕಾಗಿ ಒಂದೇ ರೇಖೆಯ ಚಲನೆಯಲ್ಲೂ ವಿ ಕೆಳಗೆ ಪುಟ್ಟ ಎಕ್ಸ್ ಬರೆಯುವ ಅಭ್ಯಾಸವನ್ನು ಜಾರಿಗೆ ತಂದೆ. ಮೇಲೆ ಬಾಣವಿದ್ದರೆ ಇಡೀ ಸದಿಶ, ಕೆಳಗೆ ಎಕ್ಸ್ ಇದ್ದರೆ ಧನವೋ ಋಣವೋ ಆಗಬಹುದಾದ ಘಟಕ, ಎರಡು ನಿಲುಗೆರೆಗಳ ನಡುವೆ ಇದ್ದರೆ ಪರಿಮಾಣ. ಬರಿಯ ವಿ ಬರೆಯುವುದನ್ನು ಮೊದಲ ವರ್ಷದ ತರಗತಿಯಲ್ಲಿ ನಿಲ್ಲಿಸಿಯೇಬಿಟ್ಟೆ. "ಇಷ್ಟೆಲ್ಲ ಅಲಂಕಾರ ಯಾಕೆ, ಪರೀಕ್ಷೆಯಲ್ಲಿ ಟೈಮ್ ಸಾಲಲ್ಲ" ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಅವರ ಮಾತಿನಲ್ಲೂ ಹುರುಳಿದೆ. ಆದರೆ ಸ್ಪ್ರಿಂಗಿನ ಬಲಕ್ಕೆ ಮೈನಸ್ ಕೆಎಕ್ಸ್ ಎಂದು ಬರೆಯುವಾಗ ಆ ಮೈನಸ್ ಏನು ಹೇಳುತ್ತಿದೆ ಎಂದು ಕೇಳಿ ನೋಡಿ. ಘಟಕ ಬರೆದು ರೂಢಿಯಾದವರು ಥಟ್ಟನೆ ಉತ್ತರ ಹೇಳುತ್ತಾರೆ, ಉಳಿದವರು ಸೂತ್ರವನ್ನು ಇನ್ನೊಮ್ಮೆ ಒಪ್ಪಿಸುತ್ತಾರೆ.

ಬಾಣದ ಇನ್ನೊಂದು ಉಪಕಾರವಿದೆ. ಸಮೀಕರಣದ ಎಡಕ್ಕೂ ಬಲಕ್ಕೂ ಒಂದೇ ಜಾತಿಯ ರಾಶಿ ಇರಬೇಕು. ಎಡಗಡೆ ಬಾಣವಿದ್ದು ಬಲಗಡೆ ಇಲ್ಲದಿದ್ದರೆ ಏನೋ ತಪ್ಪಿದೆ ಎಂದು ಕಣ್ಣಿಗೇ ಕಾಣುತ್ತದೆ, ಆಯಾಮ ಪರೀಕ್ಷೆಗೂ ಮುಂಚೆ. ಹುಡುಗನೊಬ್ಬ ಬಲ ಸದಿಶವನ್ನು ವೇಗೋತ್ಕರ್ಷ ಸದಿಶದಿಂದ ಭಾಗಿಸಿ ದ್ರವ್ಯರಾಶಿ ಎಂದು ಬರೆದಿದ್ದ, ಎರಡಕ್ಕೂ ಅಚ್ಚುಕಟ್ಟಾಗಿ ಬಾಣ ಹಾಕಿ. ಆ ಬಾಣಗಳಿಂದಾಗಿಯೇ ಅಂದು ಒಳ್ಳೆಯ ಪ್ರಶ್ನೆ ಎದ್ದಿತು: ದಿಕ್ಕನ್ನು ದಿಕ್ಕಿನಿಂದ ಭಾಗಿಸಬಹುದೇ? ಗಿಬ್ಸ್ ಪದ್ಧತಿಯಲ್ಲಿ ಆಗುವುದಿಲ್ಲ. ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಆಗುತ್ತಿತ್ತು.

ಆ ಹಿಂದಿನ ಪದ್ಧತಿಯ ಕಥೆ ಹೇಳದೆ ನಾನು ಯಾವ ವರ್ಷವೂ ಸದಿಶದ ಪಾಠ ಮುಗಿಸಿದವನಲ್ಲ. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ರಾಯಲ್ ಕಾಲುವೆಯ ದಂಡೆಯ ಮೇಲೆ ಹೆಂಡತಿಯೊಡನೆ ನಡೆದುಹೋಗುತ್ತಿದ್ದ ವಿಲಿಯಂ ರೋವನ್ ಹ್ಯಾಮಿಲ್ಟನ್‌ಗೆ ಬಹಳ ಕಾಲದಿಂದ ಕಾಡುತ್ತಿದ್ದ ಸಮಸ್ಯೆಯ ಉತ್ತರ ಹೊಳೆಯಿತು. ಐ, ಜೆ, ಕೆ ಎಂಬ ಮೂರು ಹೊಸ ರಾಶಿಗಳು, ಪ್ರತಿಯೊಂದರ ವರ್ಗವೂ ಮೈನಸ್ 1. ಅದನ್ನು ಅಲ್ಲೇ ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಕೆತ್ತಿದರು. ಇವೇ ಕ್ವಾಟರ್ನಿಯನ್‌ಗಳು. ಸದಿಶ, ಅದಿಶ ಎಂಬ ವಿಭಜನೆಯನ್ನು ಗಣಿತಕ್ಕೆ ಕೊಟ್ಟವರೂ ಅವರೇ. ಅವರ ಗುಣಾಕಾರ ಒಂದೇ. ಅದರಲ್ಲಿ ಒಂದು ಭಾಗ ಬರಿಯ ಸಂಖ್ಯೆ, ಇನ್ನೊಂದು ಭಾಗ ಸದಿಶ. ಗಿಬ್ಸ್ ಮತ್ತು ಹೆವಿಸೈಡ್ ಈ ಎರಡು ಭಾಗಗಳನ್ನು ಕತ್ತರಿಸಿ, ಸಂಖ್ಯೆಯ ಭಾಗದ ಚಿಹ್ನೆಯನ್ನು ಬದಲಿಸಿ, ಎರಡು ಪ್ರತ್ಯೇಕ ಗುಣಲಬ್ಧಗಳನ್ನಾಗಿ ಮಾಡಿದರು. ಹ್ಯಾಮಿಲ್ಟನ್ ಅನುಯಾಯಿ ಪೀಟರ್ ಟೇಟ್ ಇದನ್ನು ಸಹಿಸಲಿಲ್ಲ. 1890ರ ದಶಕದ ಮೊದಲ ವರ್ಷಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡೂ ಕಡೆಯವರ ಜಗಳ ಪತ್ರಗಳ ಮೇಲೆ ಪತ್ರಗಳಾಗಿ ನಡೆಯಿತು. ಸಂಕೇತದ ವಿಷಯಕ್ಕೆ ಅಷ್ಟು ದೊಡ್ಡವರು ಅಷ್ಟು ಕಾವಿನಿಂದ ಜಗಳವಾಡಿದ್ದಾರೆಂದರೆ ಅದು ಸಣ್ಣ ವಿಷಯವಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಮ್ಮ ತರಗತಿಗಳಲ್ಲಿ ದಿನವೂ ಕೇಳುವ ಐ ಕ್ಯಾಪ್, ಜೆ ಕ್ಯಾಪ್, ಕೆ ಕ್ಯಾಪ್ ಬಂದದ್ದು ಆ ಸೇತುವೆಯಿಂದ.

ಈ ಎರಡು ಗುಣಲಬ್ಧಗಳಿಗೆ ಸಿಕ್ಕಿದ ಚಿಹ್ನೆಗಳ ಬಗ್ಗೆ ನನಗೆ ಇವತ್ತಿಗೂ ಅಸಮಾಧಾನವಿದೆ. ಒಂದಕ್ಕೆ ಚುಕ್ಕೆ, ಇನ್ನೊಂದಕ್ಕೆ ಗುಣಾಕಾರದ ಕತ್ತರಿ ಗುರುತು. ಹೈಸ್ಕೂಲಿನಲ್ಲಿ ಮಗು ಕಲಿತುಬಂದಿರುವುದು ಕೆಲಸ ಎಂದರೆ ಬಲ ಗುಣಿಸು ಸ್ಥಾನಪಲ್ಲಟ ಎಂದು, ಅದೇ ಕತ್ತರಿ ಗುರುತು ಹಾಕಿ. ಪಿಯುಸಿಗೆ ಬಂದ ಕೂಡಲೇ ಅದನ್ನು ಅಳಿಸಿ ಚುಕ್ಕೆ ಇಡು, ಕತ್ತರಿ ಇಟ್ಟರೆ ಅದು ಕೆಲಸವಲ್ಲ, ಟಾರ್ಕಿನ ಜಾತಿಯದು ಎನ್ನುತ್ತೇವೆ. ಒಂದನೇ ತರಗತಿಯಿಂದ ಕೈಯಲ್ಲಿ ಕೂತ ಚಿಹ್ನೆ ಒಂದೇ ದಿನದಲ್ಲಿ ಅರ್ಥ ಬದಲಿಸಿಕೊಳ್ಳಬೇಕು ಎಂದರೆ ಹೇಗೆ?

ಇದಕ್ಕೆ ಬೇರೆ ದಾರಿಯೂ ಇದೆ ಎಂದು ನನಗೆ ತೋರಿಸಿದ್ದು ಮಾಸ್ಕೋದ ಮೀರ್ ಪ್ರಕಾಶನದ ಪುಸ್ತಕಗಳು. ಆ ಕಾಲದಲ್ಲಿ ಸೋವಿಯತ್ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಸಂಬಳ ಬಂದ ವಾರ ಬೆಂಗಳೂರಿಗೆ ಹೋದರೆ ಕೈಚೀಲ ತುಂಬಾ ತರುತ್ತಿದ್ದೆ. ಇರೊದೊವ್ ಬರೆದ ಯಂತ್ರವಿಜ್ಞಾನದ ಪುಸ್ತಕದಲ್ಲಿ ಸದಿಶ ಗುಣಲಬ್ಧಕ್ಕೆ ಕತ್ತರಿ ಗುರುತೇ ಇಲ್ಲ. ಎರಡು ಸದಿಶಗಳನ್ನು ಚೌಕಾವರಣದೊಳಗೆ ಅಕ್ಕಪಕ್ಕ ಬರೆಯುತ್ತಾರೆ, ಅಷ್ಟೇ. ಇಟಲಿ, ಫ್ರಾನ್ಸ್ ಕಡೆಯ ಪುಸ್ತಕಗಳಲ್ಲಿ ತಲೆಕೆಳಗಾದ ವಿ ಆಕಾರದ ಚಿಹ್ನೆ. ಎರಡೂ ಪದ್ಧತಿಗಳು ಸಾಮಾನ್ಯ ಗುಣಾಕಾರವನ್ನು ಗುಣಾಕಾರವಾಗಿಯೇ ಇರಗೊಡುತ್ತವೆ. ರಷ್ಯನ್ ಆವರಣ ನನಗೆ ಬಹಳ ಹಿಡಿಸಿತು. ಪದವಿ ತರಗತಿಯಲ್ಲಿ ಕೆಲವು ಕಾಲ ಬಳಸಿದ್ದೂ ಉಂಟು. ಆದರೆ ನಮ್ಮ ಪಠ್ಯಗಳೂ ಪ್ರಶ್ನೆಪತ್ರಿಕೆಗಳೂ ಕತ್ತರಿ ಗುರುತಿನಲ್ಲೇ ಇರುವಾಗ ಮಕ್ಕಳನ್ನು ಎರಡು ದೋಣಿಯಲ್ಲಿ ನಿಲ್ಲಿಸುವುದು ಸರಿಯಲ್ಲವೆಂದು, ಕತ್ತರಿಯನ್ನೇ ಉಳಿಸಿಕೊಂಡು ಸಾಮಾನ್ಯ ಗುಣಾಕಾರದ ಚಿಹ್ನೆಯನ್ನು ಬಿಟ್ಟುಬಿಟ್ಟೆ. ಸಂಖ್ಯೆಗಳನ್ನು ಗುಣಿಸುವಾಗ ಕಂಸದೊಳಗೆ ಬರೆದರೆ ಸಾಕು.

ಏಕಮಾನ ಸದಿಶದ ತಲೆಯ ಮೇಲಿನ ಕ್ಯಾಪ್ ಬಗ್ಗೆ ಒಂದು ಮಾತು. ಕೂಲಂಬ್ ನಿಯಮವನ್ನು ಸದಿಶ ರೂಪದಲ್ಲಿ ಎರಡು ಥರ ಬರೆಯಬಹುದು. ಅಂಶದಲ್ಲಿ ಆರ್ ಕ್ಯಾಪ್ ಇಟ್ಟು ಛೇದದಲ್ಲಿ ಆರ್ ವರ್ಗ ಬರೆಯುವುದು ಒಂದು. ಅಂಶದಲ್ಲಿ ಇಡೀ ಆರ್ ಸದಿಶವನ್ನು ಇಟ್ಟು ಛೇದದಲ್ಲಿ ಆರ್ ಘನ ಬರೆಯುವುದು ಇನ್ನೊಂದು. ಎರಡೂ ಒಂದೇ. ಲೆಕ್ಕ ಮಾಡುವವರಿಗೆ ಎರಡನೆಯದು ಅನುಕೂಲ, ಅನೇಕ ಪುಸ್ತಕಗಳು ಅದನ್ನೇ ಕೊಡುತ್ತವೆ. "ಸರ್, ದೂರದ ವರ್ಗಕ್ಕೆ ವಿಲೋಮ ಅಂತ ನೀವು ಹೇಳಿದ್ರಿ, ಪುಸ್ತಕದಲ್ಲಿ ಘನ ಇದೆಯಲ್ಲ?" ಎಂಬ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರಿಸಿದ್ದೇನೋ. ದೂರವನ್ನು ಇಮ್ಮಡಿ ಮಾಡಿ ನೋಡು ಎನ್ನುತ್ತಿದ್ದೆ. ಮೇಲಿನ ಸದಿಶ 2 ಪಟ್ಟು, ಕೆಳಗಿನ ಘನ 8 ಪಟ್ಟು, ಒಟ್ಟು ಕಾಲುಭಾಗ. ಅರ್ಥವಾಗುತ್ತಿತ್ತು. ಆದರೂ ಮೊದಲ ಸಲ ಕಲಿಯುವವರಿಗೆ ಕ್ಯಾಪ್ ಇರುವ ರೂಪವನ್ನೇ ಕೊಡಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅಲ್ಲಿ ದಿಕ್ಕು ಬೇರೆ, ಪ್ರಮಾಣ ಬೇರೆ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಡೇವಿಡ್ ಗ್ರಿಫಿತ್ಸ್ ಅವರ ವಿದ್ಯುತ್ಕಾಂತತ್ವದ ಪುಸ್ತಕ ಪದವಿ ಮಟ್ಟದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಅದರಲ್ಲಿ ಎರಡು ಬಿಂದುಗಳ ನಡುವಣ ಸದಿಶಕ್ಕೆ ಸುರುಳಿಬರಹದ ದಪ್ಪ ಆರ್ ಇದೆ, ಸಾಮಾನ್ಯ ಆರ್ ಬೇರೆ, ಅದರ ದಪ್ಪರೂಪ ಬೇರೆ, ಕ್ಯಾಪ್ ಇರುವುದು ಬೇರೆ. ಅಚ್ಚಿನಲ್ಲಿ ಸೊಗಸಾಗಿದೆ. ನೋಟ್‌ಬುಕ್ಕಿನಲ್ಲಿ ಎಲ್ಲವೂ ಒಂದೇ ಆರ್ ಆಗಿ ಕೂತುಬಿಡುತ್ತವೆ. ನಮ್ಮ ತರಗತಿಯಲ್ಲಿ ಅದಕ್ಕೆ ದೊಡ್ಡಕ್ಷರದ ಆರ್ ಬಳಸಿ, ಬಾಣ ಹಾಕಿ ಮುಂದೆ ಹೋಗುತ್ತಿದ್ದೆವು.

ಬಾಣ ಎಲ್ಲವನ್ನೂ ಹೇಳುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಕನ್ನಡಿಯ ಕಡೆಗೆ ಪೆನ್ಸಿಲ್ ಚಾಚಿದರೆ ಪ್ರತಿಬಿಂಬದ ಪೆನ್ಸಿಲ್ ನಮ್ಮ ಕಡೆಗೆ ಚಾಚುತ್ತದೆ. ಸೈಕಲ್ ಚಕ್ರವನ್ನು ಅದರ ಅಚ್ಚು ಕನ್ನಡಿಯ ಕಡೆಗಿರುವಂತೆ ಹಿಡಿದು ತಿರುಗಿಸಿದರೆ ಪ್ರತಿಬಿಂಬದ ಚಕ್ರವೂ ಅದೇ ಸುತ್ತಿನಲ್ಲಿ ತಿರುಗುತ್ತದೆ. ಆದ್ದರಿಂದ ಕೋನೀಯ ವೇಗದ ಬಾಣ ಕನ್ನಡಿಯಲ್ಲಿ ಹಿಮ್ಮುಖವಾಗುವುದಿಲ್ಲ. ಇವು ಎರಡು ಜಾತಿಯ ಸದಿಶಗಳು, ಆದರೆ ಎರಡಕ್ಕೂ ಒಂದೇ ಬಾಣ. ಎಂಎಸ್ಸಿಗೆ ಹೋದವರು ಐನ್‌ಸ್ಟೈನ್ 1916ರಲ್ಲಿ ಸರಳಗೊಳಿಸಿದ ಸೂಚ್ಯಂಕ ಪದ್ಧತಿಯನ್ನು ಕಲಿಯುತ್ತಾರೆ, ಅಲ್ಲಿ ಬಾಣವೇ ಕಾಣೆಯಾಗುತ್ತದೆ. ಆಗುವುದು ಸರಿಯೇ. ಆ ಹೊತ್ತಿಗೆ ಅವರಿಗೆ ಅದರ ಆಸರೆ ಬೇಕಿರುವುದಿಲ್ಲ.

ನಿವೃತ್ತಿಯ ಆಸುಪಾಸಿನಲ್ಲಿ ಕನ್ನಡದಲ್ಲಿ ಮತ್ತೊಂದು ಪುಸ್ತಕ ಬರೆಯುವ ಅವಕಾಶ ಬಂತು. ಸಂಕೇತಗಳೂ ಕನ್ನಡದಲ್ಲೇ ಇರಲಿ, ಬಲಕ್ಕೆ ಬ, ವೇಗಕ್ಕೆ ವೇ ಎಂದು ಬರೆಯಿರಿ ಎಂದು ಸ್ನೇಹಿತರೊಬ್ಬರು ಒತ್ತಾಯಿಸಿದರು. ನನಗೂ ಆಸೆಯಿತ್ತು. ಬರೆದು ನೋಡಿದೆ. ನಮ್ಮ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಬಾಣಕ್ಕೆ ಮೇಲೆ ಜಾಗವಿಲ್ಲ, ಅಲೆಗೆರೆಗೆ ಕೆಳಗೆ ಜಾಗವಿಲ್ಲ, ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ಅಕ್ಷರದ ಹೊಟ್ಟೆಯೇ ಮುಚ್ಚಿಹೋಗುತ್ತದೆ. ಇನ್ನೂ ದೊಡ್ಡ ತೊಂದರೆ, ಎರಡು ಅಕ್ಷರಗಳನ್ನು ಗುಣಾಕಾರಕ್ಕೆಂದು ಪಕ್ಕಪಕ್ಕ ಇಟ್ಟರೆ ಕಣ್ಣು ಅದನ್ನು ಪದವೆಂದು ಓದಿಬಿಡುತ್ತದೆ. ವಿವರಣೆಯೆಲ್ಲ ಕನ್ನಡದಲ್ಲಿ, ಸಂಕೇತ ರೋಮನ್ ಅಕ್ಷರದಲ್ಲಿ ಎಂದು ತೀರ್ಮಾನಿಸಿದೆ. ಈ ಮಕ್ಕಳು ನಾಳೆ ಬೇರೆ ಪುಸ್ತಕಗಳನ್ನೂ ತೆರೆಯಬೇಕಲ್ಲ.

ಆ ಪುಸ್ತಕದ ಡಿಟಿಪಿ ಆದದ್ದು ಹಳೆಯ ಬಗೆಯ ಕನ್ನಡ ಫಾಂಟಿನಲ್ಲಿ. ಅಂಥ ಫಾಂಟುಗಳಲ್ಲಿ ಪ್ಯಾರಾವನ್ನು ಒಟ್ಟಿಗೆ ಆಯ್ದು ಫಾಂಟ್ ಬದಲಿಸಿದರೆ ನಡುವಿನ ಇಂಗ್ಲಿಷ್ ಅಕ್ಷರಗಳೆಲ್ಲ ಕನ್ನಡದ ಚೂರುಗಳಾಗಿ ಮಾರ್ಪಡುತ್ತವೆ. ಬಲದ ಎಫ್ ಯಾವುದೋ ಒತ್ತಕ್ಷರವಾಗಿ, ಬಾಣ ಒಂದು ಖಾಲಿ ಚೌಕವಾಗಿ ಕರಡಿನಲ್ಲಿ ಬಂತು. ಆಪರೇಟರ್ ಹುಡುಗಿಯ ಪಕ್ಕದಲ್ಲಿ ಕೂತು ಒಂದೊಂದೇ ಸಮೀಕರಣವನ್ನು ಮತ್ತೆ ಹಾಕಿಸಿದೆ. ಬಹಳ ತಾಳ್ಮೆಯ ಹುಡುಗಿ. "ಸರ್, ಈ ಬಾಣ ಇಲ್ಲದಿದ್ರೆ ಅರ್ಥ ಬದಲಾಗುತ್ತಾ?" ಎಂದು ಕೇಳಿದಳು. ಮೇಜಿನ ಮೇಲಿದ್ದ ಡಬ್ಬಿಯನ್ನು ಮೊದಲು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ ತಳ್ಳಿ ತೋರಿಸಿದೆ. ಆಮೇಲೆ ಅವಳೇ ಬಿಟ್ಟುಹೋದ ಬಾಣಗಳನ್ನು ಹುಡುಕಿ ಹುಡುಕಿ ಹಾಕಿದಳು. ಈಗ ಯೂನಿಕೋಡ್ ಬಂದಿದೆ, ಅಕ್ಷರದ ಮೇಲೆ ಕೂರುವ ಬಾಣಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಡೊನಾಲ್ಡ್ ಕ್ನೂತ್ ಅವರ ಟೆಕ್ ವ್ಯವಸ್ಥೆಯಲ್ಲಂತೂ ಬಾಣಕ್ಕೂ ದಪ್ಪಕ್ಕೂ ಒಂದೊಂದು ಆದೇಶ ಸಾಕು. ಅಚ್ಚಿನಲ್ಲಿ ಬಾಣ ಕಷ್ಟ ಎಂಬ ಹಳೆಯ ಕಾರಣ ಇನ್ನು ಉಳಿದಿಲ್ಲ.

ಮೌಲ್ಯಮಾಪನ ಕೇಂದ್ರಗಳಲ್ಲಿ ಬಾಣ ಬಿಟ್ಟ ಉತ್ತರಕ್ಕೆ ಅರ್ಧ ಅಂಕ ಕಳೆಯಬೇಕೇ ಎಂಬ ಚರ್ಚೆ ಪ್ರತಿ ವರ್ಷ ಏಳುತ್ತಿತ್ತು. ಕೇಳಿದ್ದು ಪರಿಮಾಣವಾದರೆ ಬಾಣವಿಲ್ಲದಿರುವುದೇ ಸರಿ. ನಿಯಮವನ್ನು ಸದಿಶ ರೂಪದಲ್ಲಿ ಬರೆ ಎಂದು ಕೇಳಿದ್ದರೆ ಬಾಣವೇ ಉತ್ತರ, ಅದಿಲ್ಲದಿದ್ದರೆ ಅಂಕವಿಲ್ಲ. ಇದು ನನ್ನ ನಿಲುವಾಗಿತ್ತು, ಈಗಲೂ ಅದೇ. ಆದರೆ ಅಂಕ ಕಳೆಯುವ ಹಕ್ಕು ಬರಬೇಕಾದರೆ ನಾವು ಹಲಗೆಯ ಮೇಲೆ ಒಂದು ಬಾಣವನ್ನೂ ಬಿಡದೆ ಬರೆದಿರಬೇಕು, ಬಾಯಲ್ಲಿ ಓದುವಾಗಲೂ ಎಫ್ ವೆಕ್ಟರ್ ಎಂದು ಪೂರ್ತಿ ಉಚ್ಚರಿಸಿರಬೇಕು. ಹಿಂದಿನ ಬೆಂಚಿನಲ್ಲಿ ಹಲಗೆ ಸರಿಯಾಗಿ ಕಾಣದ ಮಗುವಿಗೆ ಸಂಕೇತ ತಲುಪುವುದು ಕಿವಿಯಿಂದ.

ಸಂಶೋಧನ ಪತ್ರಿಕೆಗಳಿಗೆ ದಪ್ಪಕ್ಷರ ಚೆನ್ನಾಗಿಯೇ ಇದೆ, ಓದುವವರು ಪಳಗಿದವರು, ಪುಟವೂ ಹಗುರಾಗಿ ಕಾಣುತ್ತದೆ. ಮೊದಲ ಸಲ ಕಲಿಯುವವರ ಪುಸ್ತಕಕ್ಕೆ ಬಾಣವೇ ಬೇಕು. ಕನ್ನಡದಲ್ಲಿ ಭೌತಶಾಸ್ತ್ರ ಬರೆಯುತ್ತಿರುವ ಕಿರಿಯ ಗೆಳೆಯರಲ್ಲಿ, ಅದನ್ನು ಅಚ್ಚು ಹಾಕುವ ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟು: ಪುಸ್ತಕದ ಆರಂಭದಲ್ಲಿ ಸಂಕೇತಗಳಿಗಾಗಿ ಅರ್ಧ ಪುಟ ಬಿಡಿ. ಬಾಣ ಏನು, ಕ್ಯಾಪ್ ಏನು, ಬರಿಯ ಅಕ್ಷರ ಘಟಕವೋ ಪರಿಮಾಣವೋ ಎಂದು ಅಲ್ಲಿ ಬರೆಯಿರಿ, ಬರೆದದ್ದನ್ನು ಕೊನೆಯ ಅಧ್ಯಾಯದವರೆಗೂ ಬದಲಿಸಬೇಡಿ. ಕರಡು ಕೈಗೆ ಬಂದಾಗ ಮಾತುಗಳನ್ನು ಓದುವ ಮುಂಚೆ ಬರಿಯ ಬಾಣಗಳನ್ನೇ ನೋಡುತ್ತಾ ಒಮ್ಮೆ ಕಡೆಯ ಪುಟದವರೆಗೆ ಹೋಗಿ. ಡಿಟಿಪಿಯಲ್ಲಿ ಮೊದಲು ಕಳೆದುಹೋಗುವುದು ಅವೇ.